ಕಾವೇರಿಯ ದಡದಲ್ಲಿ ನೋಡತಕ್ಕವು: ಹೊಗೇನಕಲ್ಲಿನಿಂದ ಮೆಟ್ಟೂರಿನವರೆಗೆ

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದು ಎಣಿಸುವುದು ವಾಡಿಕೆ. ಆದರೆ ಓದಿನ ಬೆಂಬಲವಿಲ್ಲದ ನೋಟ ಅರ್ಧ ನೋಟ; ನೋಟದ ಅನುಭವವಿಲ್ಲದ ಓದು ಅರ್ಧ ಓದು. ಪ್ರವಾಸದ ಕಾಲ ಸಮೀಪಿಸಿದೊಡನೆ ತಂದೆತಾಯಿಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಅಲ್ಲಿ ನೋಡತಕ್ಕದ್ದು ಏನಿದೆ, ಮೇಷ್ಟ್ರೇ?” ಆ ಪ್ರಶ್ನೆಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಈ ಸಂಚಿಕೆಯಲ್ಲಿ ಎಲ್ಲರಿಗೂ ಒಟ್ಟಾಗಿ ಹೇಳುವುದು ಮೇಲೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಧರ್ಮಪುರಿ, ಸೇಲಂ ಜಿಲ್ಲೆಗಳ ಪ್ರವಾಸಕ್ಕೆ ಹೊರಟವರು ಸಾಮಾನ್ಯವಾಗಿ ಹೊಗೇನಕಲ್ಲಿನಲ್ಲಿ ಮಿಂದು, ಮೆಟ್ಟೂರಿನ ಉದ್ಯಾನದಲ್ಲಿ ಬುತ್ತಿ ಬಿಚ್ಚಿ ಉಂಡು ಮನೆಗೆ ಮರಳುತ್ತಾರೆ. ಮಿಂದದ್ದೂ ಉಂಡದ್ದೂ ತಪ್ಪಲ್ಲ. ಆದರೆ ಅಷ್ಟಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಕಾವೇರಿ ಈ ಎರಡು ಜಿಲ್ಲೆಗಳ ಅಂಚಿನಲ್ಲಿ ಬಂಡೆಗಳಿಂದ ಧುಮುಕುತ್ತಾಳೆ. ಕೊಳವೆಗಳಲ್ಲಿ ಬೆಟ್ಟವನ್ನೇರಿ ಮನೆಮನೆಗೆ ಹೋಗುತ್ತಾಳೆ. ಕಟ್ಟೆಯ ಹಿಂದೆ ತಡೆದು ನಿಲ್ಲುತ್ತಾಳೆ. ಕೆಲವು ಊರುಗಳನ್ನು ನುಂಗಿ ಸಾವಿರಾರು ಊರುಗಳಿಗೆ ಅನ್ನವನ್ನು ಕೊಡುತ್ತಾಳೆ. ನೀರೆಂದರೆ ಏನು, ಅದರ ಬೆಲೆ ಎಷ್ಟು, ಆ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಎರಡೇ ದಿನಗಳಲ್ಲಿ ಕಣ್ಣಾರೆ ಕಂಡು ತಿಳಿಯಬಹುದಾದ ಇಂತಹ ಪಾಠಶಾಲೆ ಬೇರೊಂದು ಸಮೀಪದಲ್ಲಿಲ್ಲ.

ನದಿಯ ದಾರಿ

ಮೊದಲು ಭೂಪಟವನ್ನು ಬಿಚ್ಚಿ ನೋಡೋಣ. ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಸುಮಾರು ೮೦೦ ಕಿಲೋಮೀಟರು ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಮೈಸೂರಿನ ಹತ್ತಿರದ ಕೃಷ್ಣರಾಜಸಾಗರವು ತುಂಬಿದಾಗ ಅದರ ನೀರಿನ ಮೇಲ್ಮೈ ಸಮುದ್ರಮಟ್ಟಕ್ಕಿಂತ ಸುಮಾರು ೭೫೦ ಮೀಟರು ಎತ್ತರದಲ್ಲಿರುತ್ತದೆ. ಮೆಟ್ಟೂರಿನ ಜಲಾಶಯವು ತುಂಬಿದಾಗ ಆ ಎತ್ತರ ಸುಮಾರು ೨೪೦ ಮೀಟರು ಮಾತ್ರ. ಎಂದರೆ ಈ ಎರಡು ಅಣೆಕಟ್ಟುಗಳ ನಡುವೆ ನದಿಯು ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಾಗಿಯೇ ಕೆಳಗಿಳಿಯುತ್ತದೆ. ಪ್ರಸ್ಥಭೂಮಿಯ ಅಂಚಿನಿಂದ ಬಯಲಿಗೆ ಇಳಿಯುವ ಈ ದಾರಿಯಲ್ಲಿ ಮೂರು ನೋಟಗಳಿವೆ. ಮೊದಲನೆಯದು ಶಿವನಸಮುದ್ರದ ಜಲಪಾತ. ೧೯೦೨ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ಎರಡನೆಯದು ಬಂಡೆಗಳ ನಡುವೆ ನದಿ ಇಕ್ಕಟ್ಟಾಗಿ ನುಗ್ಗುವ ಮೇಕೆದಾಟು. ಮೂರನೆಯದು ನಮ್ಮ ಹೊಗೇನಕಲ್ಲು. ಇದರಿಂದ ಮುಂದೆ ನದಿ ದಕ್ಷಿಣಕ್ಕೆ ತಿರುಗಿ, ಬೆಟ್ಟಗಳ ನಡುವೆ ಹಾದು, ಮೆಟ್ಟೂರಿನಲ್ಲಿ ಬಯಲನ್ನು ಕಾಣುತ್ತದೆ.

ಮೊದಲನೆಯ ದಿನ ಧರ್ಮಪುರಿ ಮತ್ತು ಹೊಗೇನಕಲ್ಲು, ಎರಡನೆಯ ದಿನ ಮೆಟ್ಟೂರು ಮತ್ತು ಸೇಲಂ ಎಂದು ಪ್ರವಾಸವನ್ನು ಹಂಚಿಕೊಳ್ಳುವುದು ಅನುಕೂಲ.

ತಗಡೂರು ಎಂಬ ಧರ್ಮಪುರಿ

ಧರ್ಮಪುರಿಯು ನದಿಯ ದಡದಲ್ಲಿಲ್ಲ. ಹೊಗೇನಕಲ್ಲಿಗೆ ಹೋಗುವವರು ಹಾದುಹೋಗುವ ಬಾಗಿಲು ಅದು. ಬಾಗಿಲಿನಲ್ಲಿ ಅರೆಗಳಿಗೆ ನಿಲ್ಲುವುದು ಮರ್ಯಾದೆ. ಈ ಊರಿನ ಹಳೆಯ ಹೆಸರು ತಗಡೂರು. ಸಂಘಂ ಕಾಲದ ತಮಿಳು ಕಾವ್ಯಗಳಲ್ಲಿ ಕೀರ್ತಿತನಾದ ಅದಿಯಮಾನ್ ನೆಡುಮಾನ್ ಅಂಜಿ ಎಂಬ ಅರಸನ ರಾಜಧಾನಿ ಇದು. ದುರ್ಗಮವಾದ ಬೆಟ್ಟದಿಂದ ಬಂದ, ದೀರ್ಘಾಯುಷ್ಯವನ್ನು ಕೊಡುವ ನೆಲ್ಲಿಕಾಯಿಯನ್ನು ಆ ಅರಸನು ತಾನು ತಿನ್ನದೆ, ಕವಯಿತ್ರಿ ಅವ್ವೈಯಾರಿಗೆ ಕೊಟ್ಟನೆಂಬ ಕಥೆಯನ್ನು ತಮಿಳು ಮಕ್ಕಳೆಲ್ಲರೂ ಬಲ್ಲರು; ನಮ್ಮ ಮಕ್ಕಳೂ ಅರಿಯಬೇಕು. ಅರಸನ ಆಯುಸ್ಸಿಗಿಂತ ಕವಿಯ ಆಯುಸ್ಸು ನಾಡಿಗೆ ಹೆಚ್ಚು ಬೇಕಾದದ್ದೆಂದು ತಿಳಿದ ದೊರೆ ಅವನು. ಅಶೋಕನ ಶಾಸನಗಳಲ್ಲಿ ಬರುವ ‘ಸತಿಯಪುತ್ರ’ರು ಈ ಅದಿಯಮಾನರೇ ಎಂಬುದು ೧೯೮೧ರಲ್ಲಿ ಜಂಬೈ ಎಂಬಲ್ಲಿ ದೊರೆತ ಬಂಡೆಶಾಸನದಿಂದ ಸ್ಪಷ್ಟವಾಯಿತು.

ಈ ತಗಡೂರು ಕನ್ನಡದ ಚರಿತ್ರೆಗೂ ಸೇರಿದ್ದು. ಒಂಬತ್ತನೆಯ ಶತಮಾನದಲ್ಲಿ ಇದು ನೊಳಂಬರ ವಶದಲ್ಲಿತ್ತು. ನೊಳಂಬ ದೊರೆ ಮಹೇಂದ್ರನ ಕಾಲದ ಕನ್ನಡ ಶಾಸನಗಳು ಇಲ್ಲಿ ದೊರೆತಿವೆ. ಊರಿನ ಕೋಟೆಯ ಭಾಗದಲ್ಲಿರುವ ಮಲ್ಲಿಕಾರ್ಜುನ, ಕಾಮಾಕ್ಷಿಯರ ಗುಡಿಯನ್ನು ನೋಡುವವರು ನಿಧಾನವಾಗಿ ನೋಡಬೇಕು. ನೊಳಂಬರ ಶಿಲ್ಪದ ನಯ ಇಲ್ಲಿದೆ. ಕಾಮಾಕ್ಷಿಯ ಗುಡಿಯ ತಳಪಾಯದಲ್ಲಿ ರಾಮಾಯಣದ ಪ್ರಸಂಗಗಳನ್ನು ಗೇಣಗಲದ ಕಲ್ಲುಗಳಲ್ಲಿ ಕೆತ್ತಿದ್ದಾರೆ. ನಿಂತು ನೋಡುವವನಿಗೆ ಅವು ಕಾಣವು. ಮಂಡಿಯೂರಿ ಕುಳಿತವನಿಗೆ ಕಾಣುತ್ತವೆ. ಈ ವಿಷಯದಲ್ಲಿ ದೊಡ್ಡವರಿಗಿಂತ ಮಕ್ಕಳಿಗೆ ಅನುಕೂಲ ಹೆಚ್ಚು.

ಧರ್ಮಪುರಿಯ ವಸ್ತುಸಂಗ್ರಹಾಲಯದಲ್ಲಿ ಇಟ್ಟಿರುವ ವೀರಗಲ್ಲುಗಳನ್ನೂ ಬಿಡದೆ ನೋಡಬೇಕು. ಈ ಸೀಮೆಯಲ್ಲಿ ವೀರಗಲ್ಲುಗಳು ಹೇರಳ. ತುರುಗಳನ್ನು ಕಳ್ಳರಿಂದ ಬಿಡಿಸಿ ತರುವಾಗ ಸತ್ತವರು, ಊರನ್ನು ಕಾಯುವಾಗ ಮಡಿದವರು ಇವರೆಲ್ಲ. ಅರಸರಲ್ಲ, ದಂಡನಾಯಕರಲ್ಲ, ನಮ್ಮ ನಿಮ್ಮಂತಹ ಊರವರು. ಕಲ್ಲಿನ ಬರಹ ಒಂದೆಡೆ ತಮಿಳು, ಇನ್ನೊಂದೆಡೆ ಕನ್ನಡ. ಸತ್ತ ಕಾರಣ ಮಾತ್ರ ಒಂದೇ. ಧರ್ಮಪುರಿಯಿಂದ ಸೇಲಂ ರಸ್ತೆಯಲ್ಲಿ ಅನತಿದೂರದಲ್ಲಿರುವ ಅದಿಯಮಾನ್ ಕೋಟೆಯಲ್ಲಿ ಚೆನ್ನರಾಯ ಪೆರುಮಾಳ್ ಗುಡಿಯಿದೆ. ಹೆಸರಿನಲ್ಲಿಯೇ ಎರಡು ನುಡಿಗಳು ಕೈಹಿಡಿದು ನಿಂತಿವೆ. ಅಲ್ಲಿಯ ಒಳಛಾವಣಿಯಲ್ಲಿ ಹಳೆಯ ವರ್ಣಚಿತ್ರಗಳು ಇಂದಿಗೂ ಉಳಿದಿವೆ; ಅವನ್ನು ಮುಟ್ಟಬಾರದು, ಗೀಚಬಾರದು ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

೧೭೯೨ರಲ್ಲಿ ಟೀಪೂ ಸುಲ್ತಾನನಿಂದ ಬಾರಾಮಹಲ್ ಸೀಮೆಯು ಇಂಗ್ಲಿಷ್ ಕಂಪನಿಯ ಕೈಗೆ ಬಂದಿತು. ಅಂದು ಕರ್ನಲ್ ರೀಡ್ ಎಂಬವನ ಸಹಾಯಕನಾಗಿ ಇಲ್ಲಿ ಕಂದಾಯದ ಕೆಲಸ ಕಲಿತವನು ಥಾಮಸ್ ಮನ್ರೋ. ಅವನೇ ಮುಂದೆ ಮದರಾಸಿನ ಗವರ್ನರನಾದನು. ಜಮೀನುದಾರರ ಮಧ್ಯಸ್ತಿಕೆಯಿಲ್ಲದೆ ರೈತನಿಂದಲೇ ನೇರವಾಗಿ ಕಂದಾಯವನ್ನು ಪಡೆಯುವ ರೈತವಾರಿ ಪದ್ಧತಿ ಬೆಳೆದದ್ದು ಈ ಮಣ್ಣಿನ ಅನುಭವದಿಂದ. ಧರ್ಮಪುರಿಯು ಸೇಲಂ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು ೧೯೬೫ರ ಅಕ್ಟೋಬರ್ ೨ರಂದು. ಅದರಿಂದ ಕೃಷ್ಣಗಿರಿ ಜಿಲ್ಲೆ ಒಡೆದದ್ದು ೨೦೦೪ರಲ್ಲಿ.

ಹೊಗೇನಕಲ್ಲು

ಧರ್ಮಪುರಿಯಿಂದ ಪೆನ್ನಾಗರದ ಮೇಲೆ ಹಾದು ಸುಮಾರು ೪೬ ಕಿಲೋಮೀಟರು ಹೋದರೆ ಹೊಗೇನಕಲ್ಲು. ಪೆನ್ನಾಗರವನ್ನು ದಾಟಿದ ಮೇಲೆ ರಸ್ತೆ ಕಾಡಿನೊಳಗೆ ಸುತ್ತಿಸುತ್ತಿ ಇಳಿಯುತ್ತದೆ. ಇಳಿಯುವಾಗ ಕಿಟಕಿಯ ಹೊರಗೆ ನೋಡಿ: ನಾವು ಪ್ರಸ್ಥಭೂಮಿಯಿಂದ ನದಿಯ ಕಣಿವೆಗೆ ಇಳಿಯುತ್ತಿದ್ದೇವೆ. ಈ ಇಳಿಜಾರನ್ನು ನೆನಪಿನಲ್ಲಿಡಿ. ಮುಂದೆ ಇದರ ವಿಷಯ ಬರುತ್ತದೆ.

ಊರಿನ ಹೆಸರು ಅಚ್ಚ ಕನ್ನಡದ್ದು. ಹೊಗೆಯಾಡುವ ಕಲ್ಲು ಎಂಬುದೇ ಹೊಗೇನಕಲ್ಲು. ಚಿನ್ನಾರ್ ಎಂಬ ಹೊಳೆ ಇಲ್ಲಿ ಕಾವೇರಿಯನ್ನು ಕೂಡುತ್ತದೆ. ನದಿಯು ಒಂದೇ ಧಾರೆಯಾಗಿ ಬೀಳದೆ, ಬಂಡೆಗಳ ನಡುವೆ ಹತ್ತಾರು ಕವಲುಗಳಾಗಿ ಒಡೆದು, ಸುಮಾರು ೨೦ ಮೀಟರು ಆಳದ ಕಮರಿಗೆ ಧುಮುಕುತ್ತದೆ. ಬಿದ್ದ ನೀರು ಕಲ್ಲಿಗೆ ಅಪ್ಪಳಿಸಿ ಅತಿ ಸಣ್ಣ ಹನಿಗಳಾಗಿ ಒಡೆಯುತ್ತದೆ. ದೊಡ್ಡ ಹನಿಗಳು ಬೇಗ ಬೀಳುತ್ತವೆ. ಸಣ್ಣ ಹನಿಗಳನ್ನು ಗಾಳಿಯು ಎತ್ತಿ ಹಿಡಿಯುತ್ತದೆ. ಅವು ಬೀಳುವುದಕ್ಕೆ ಬಹಳ ಹೊತ್ತು ಬೇಕು. ಹೀಗೆ ಗಾಳಿಯಲ್ಲಿ ತೇಲುವ ಕೋಟಿ ಹನಿಗಳೇ ನಮ್ಮ ಕಣ್ಣಿಗೆ ಹೊಗೆ. ಬಿಸಿಲನ್ನು ಬೆನ್ನಿಗೆ ಮಾಡಿ ನಿಂತವನಿಗೆ ಆ ಹೊಗೆಯಲ್ಲಿ ಕಾಮನಬಿಲ್ಲು ಕಾಣುತ್ತದೆ; ಬಿಸಿಲಿಗೆ ಮುಖ ಮಾಡಿ ನಿಂತವನಿಗೆ ಕಾಣದು. ಬೆಳಕಿನ ಪಾಠವನ್ನು ಓದಿದ ಮಕ್ಕಳು ಇದರ ಕಾರಣವನ್ನು ತಾವೇ ಹೇಳಬಲ್ಲರು. ಇಲ್ಲಿಯ ಬಂಡೆಗಳೂ ಅತಿ ಪ್ರಾಚೀನ. ಹೊಗೇನಕಲ್ಲಿನ ಸುತ್ತ ದೊರೆಯುವ ಒಂದು ಬಗೆಯ ಸುಣ್ಣಾಂಶದ ಅಗ್ನಿಶಿಲೆಯ ವಯಸ್ಸು ಸುಮಾರು ೨೪೦ ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಲೆಕ್ಕಹಾಕಿದ್ದಾರೆ.

ಹರಿಗೋಲಿನಲ್ಲಿ ಕುಳಿತು ಕಮರಿಯೊಳಗೆ ಹೋಗುವುದು ಇಲ್ಲಿಯ ವಿಶೇಷ. ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ಬುಟ್ಟಿಯಂತಹ ದೋಣಿ ಇದು; ಹಿಂದಿನ ಕಾಲದಲ್ಲಿ ಹೊರಗೆ ತೊಗಲನ್ನು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಟಾರು ಬಳಿಯುತ್ತಾರೆ. ಇದಕ್ಕೆ ಮುಂದು ಹಿಂದು ಎಂಬುದಿಲ್ಲ. ಬಂಡೆಗೆ ತಾಗಿದರೂ ತಿರುಗಿ ಜಾರಿಕೊಳ್ಳುತ್ತದೆ. ಮೊಳಕಾಲುದ್ದ ನೀರಿನಲ್ಲಿಯೂ ತೇಲುತ್ತದೆ. ದಡ ಸೇರಿದ ಮೇಲೆ ಒಬ್ಬನೇ ಮನುಷ್ಯ ತಲೆಯ ಮೇಲೆ ಕವುಚಿಕೊಂಡು ಹೊತ್ತೊಯ್ಯಬಹುದು. ಕಲ್ಲಿನ ನದಿಗೆ ಇದಕ್ಕಿಂತ ತಕ್ಕ ದೋಣಿಯನ್ನು ಯಾವ ಕಾರ್ಖಾನೆಯೂ ಮಾಡಿಲ್ಲ. ಒಂದೇ ಹುಟ್ಟಿನಿಂದ ಅದನ್ನು ನೇರವಾಗಿ ನಡೆಸುವ ಅಂಬಿಗನ ತೋಳನ್ನು ನೋಡಿ. ಹುಟ್ಟನ್ನು ಪಕ್ಕದಲ್ಲಿ ಹಾಕದೆ ಮುಂದೆ ಹಾಕಿ ನೀರನ್ನು ತನ್ನೆಡೆಗೆ ಎಳೆದುಕೊಳ್ಳುತ್ತಾನೆ. ಪಕ್ಕದಲ್ಲಿ ಹಾಕಿದರೆ ಹರಿಗೋಲು ಬುಗುರಿಯಂತೆ ಸುತ್ತುತ್ತದೆ.

ಎದುರಿನ ದಡ ಕರ್ನಾಟಕದ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ೧೯೫೬ರವರೆಗೆ ಆ ಕಡೆಯ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಎಂದರೆ ಎರಡು ದಡಗಳೂ ಒಂದೇ ರಾಜ್ಯದವಾಗಿದ್ದವು. ಗಡಿ ಬಂದಿತು, ಅಂಬಿಗರ ಬಾಯಲ್ಲಿ ಎರಡು ಭಾಷೆಗಳೂ ಹಾಗೆಯೇ ಉಳಿದವು.

ದಡದ ಬಾಯಾರಿಕೆ

ಹೊಗೇನಕಲ್ಲಿನಲ್ಲಿ ಪ್ರವಾಸಿಗಳು ನೋಡದೆ ಬರುವ, ಆದರೆ ನಮ್ಮ ಮತದಲ್ಲಿ ಜಲಪಾತದಷ್ಟೇ ನೋಡತಕ್ಕ ವಸ್ತುವೊಂದಿದೆ: ನದಿಯಿಂದ ಮೇಲಕ್ಕೆ ನೀರನ್ನು ಒಯ್ಯುವ ದೊಡ್ಡ ಕೊಳವೆಗಳು.

ಇಷ್ಟು ದೊಡ್ಡ ನದಿ ಅಂಚಿನಲ್ಲಿಯೇ ಹರಿಯುತ್ತಿದ್ದರೂ ಧರ್ಮಪುರಿಯ ಸೀಮೆ ಬಾಯಾರಿದ ಸೀಮೆಯೇ ಆಗಿತ್ತು. ಕಾರಣವನ್ನು ನಾವು ಇಳಿದು ಬಂದ ಘಟ್ಟದ ರಸ್ತೆಯೇ ಹೇಳುತ್ತದೆ. ಊರುಗಳು ಮೇಲೆ, ನದಿ ಕೆಳಗೆ. ನೀರು ತಾನಾಗಿ ಬೆಟ್ಟ ಹತ್ತುವುದಿಲ್ಲ. ಆದುದರಿಂದ ಜನರು ಬಾವಿಗಳನ್ನೂ, ಬಾವಿ ಬತ್ತಿದ ಮೇಲೆ ಕೊಳವೆ ಬಾವಿಗಳನ್ನೂ ನೆಚ್ಚಿದರು. ಅಲ್ಲಿ ಇನ್ನೊಂದು ಕೇಡು ಕಾದಿತ್ತು. ಈ ನೆಲದ ಶಿಲೆಗಳಲ್ಲಿ ಫ್ಲೋರೈಡ್ ಎಂಬ ಲವಣಾಂಶವಿದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಕರಗಿ ಸೇರುತ್ತದೆ. ಒಂದು ಲೀಟರು ನೀರಿನಲ್ಲಿ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದರೆ ಅದು ಕುಡಿಯಲು ತಕ್ಕ ನೀರಲ್ಲ. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು, ಕುದಿಸಿದರೂ ಹೋಗದು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಮಕ್ಕಳಿಗೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ. ಕಾಲಮೂಳೆಗಳು ಬಾಗುವುದೂ ಉಂಟು.

ಈ ಕಲೆಯ ಹಲ್ಲುಗಳನ್ನು ನಾವು ತರಗತಿಗಳಲ್ಲಿ ಕಂಡಿದ್ದೇವೆ. ಹಲ್ಲುಜ್ಜದ ಸೋಮಾರಿಗಳೆಂದು ಹಾಸ್ಯ ಮಾಡುವ ಸಹಪಾಠಿಗಳನ್ನೂ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹೆಣ್ಣುಮಕ್ಕಳನ್ನೂ ಕಂಡಿದ್ದೇವೆ. ಅದು ಮಗುವಿನ ತಪ್ಪಲ್ಲ, ತಾಯಿಯ ತಪ್ಪೂ ಅಲ್ಲ, ನೀರಿನ ದೋಷ. ಈ ಒಂದು ಮಾತನ್ನು ಪ್ರವಾಸದಿಂದ ಕಲಿತು ಬಂದರೂ ಖರ್ಚು ಮಾಡಿದ ಹಣ ಸಾರ್ಥಕವೆಂದು ನಾವು ತಿಳಿಯುತ್ತೇವೆ.

ಇದಕ್ಕೆ ಪರಿಹಾರವಾಗಿ ಹೊಗೇನಕಲ್ಲು ಕುಡಿಯುವ ನೀರಿನ ಯೋಜನೆ ಜಪಾನ್ ದೇಶದ ಸಾಲದ ನೆರವಿನಿಂದ ಸಿದ್ಧವಾಗಿ ೨೦೧೩ರಲ್ಲಿ ಕಾರ್ಯಕ್ಕೆ ಬಂದಿತು. ಕಾವೇರಿಯ ನೀರನ್ನೆತ್ತಿ, ಶೋಧಿಸಿ, ಪಂಪುಗಳಿಂದ ಎತ್ತರಕ್ಕೆ ಏರಿಸಿ, ಅಲ್ಲಿಂದ ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ ಊರುಗಳಿಗೆ ಹಂಚುವ ವ್ಯವಸ್ಥೆ ಇದು. ಜಲಪಾತದಲ್ಲಿ ನೀರು ಬೀಳುವುದನ್ನು ನೋಡಿ ಬೆರಗಾಗುವ ನಾವು, ಅದೇ ನೀರು ಬೆಟ್ಟ ಹತ್ತುವುದನ್ನು ನೋಡಿ ಇನ್ನಷ್ಟು ಬೆರಗಾಗಬೇಕು. ಬೀಳುವುದು ನೀರಿನ ಸ್ವಭಾವ. ಏರುವುದಕ್ಕೆ ಮನುಷ್ಯನ ಬುದ್ಧಿಯೂ ದುಡಿಮೆಯೂ ಬೇಕು. ಮನೆಯ ನಲ್ಲಿಯನ್ನು ತೆರೆದು ಬಿಟ್ಟು ಮಾತಿಗೆ ನಿಲ್ಲುವವರು ಇದನ್ನು ನೆನೆಯಲಿ.

ಮೆಟ್ಟೂರು

ಎರಡನೆಯ ದಿನ ತೊಪ್ಪೂರು, ಮೇಚೇರಿಗಳ ಮೇಲೆ ಹಾದು ಮೆಟ್ಟೂರನ್ನು ಸೇರಬಹುದು. ಸೇಲಂ ನಗರದಿಂದ ಇದು ಸುಮಾರು ೫೦ ಕಿಲೋಮೀಟರು. ನದಿಯ ದಡದ ನಗರವೆಂಬ ಹೆಸರು ಈ ಎರಡು ಜಿಲ್ಲೆಗಳಲ್ಲಿ ಮೆಟ್ಟೂರಿಗೇ ಒಪ್ಪುತ್ತದೆ. ಅಣೆಕಟ್ಟಿನ ಕೆಲಸಕ್ಕೆಂದು ಬಂದವರಿಂದ ಬೆಳೆದ ನಗರ ಇದು.

೧೯೨೪ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಕಾವೇರಿಯ ನೀರಿನ ವಿಷಯದಲ್ಲಿ ಒಪ್ಪಂದವಾಯಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಕಾವೇರಿಗೆ ಮಹಾಪ್ರವಾಹ ಬಂದಿತು. ಮರುವರ್ಷ ೧೯೨೫ರಲ್ಲಿ ಮೆಟ್ಟೂರಿನಲ್ಲಿ ಕೆಲಸ ಆರಂಭವಾಗಿ, ಒಂಬತ್ತು ವರ್ಷಗಳ ಬಳಿಕ ೧೯೩೪ರ ಆಗಸ್ಟ್ ತಿಂಗಳಲ್ಲಿ ಅಣೆಕಟ್ಟು ಬಳಕೆಗೆ ಬಂದಿತು. ಅಂದಿನ ಗವರ್ನರ್ ಸ್ಟ್ಯಾನ್ಲಿಯ ಹೆಸರನ್ನು ಜಲಾಶಯಕ್ಕಿಟ್ಟರು. ಕಟ್ಟೆಯ ಉದ್ದ ಸುಮಾರು ೧,೬೦೦ ಮೀಟರು. ನೀರಿನ ಪೂರ್ಣ ಮಟ್ಟ ೧೨೦ ಅಡಿ. ಪೂರ್ಣವಾಗಿ ತುಂಬಿದಾಗ ಹಿಡಿಯುವ ನೀರು ೯೩.೪೭ ಟಿ.ಎಂ.ಸಿ. ಕೃಷ್ಣರಾಜಸಾಗರವು ಹಿಡಿಯುವ ನೀರು ೪೯.೪೫ ಟಿ.ಎಂ.ಸಿ. ಇವನ್ನು ಹೋಲಿಸಿದರೆ ಮೆಟ್ಟೂರಿನ ಗಾತ್ರ ಅರಿವಾದೀತು.

ಪತ್ರಿಕೆಗಳಲ್ಲಿ ನಿತ್ಯ ಕಾಣುವ ಈ ಟಿ.ಎಂ.ಸಿ. ಎಂದರೇನು? ನೂರು ಕೋಟಿ ಘನ ಅಡಿ. ಒಂದು ಘನ ಅಡಿಯ ಪೆಟ್ಟಿಗೆಯಲ್ಲಿ ಸುಮಾರು ೨೮ ಲೀಟರು, ಎಂದರೆ ಎರಡು ದೊಡ್ಡ ಕೊಡದಷ್ಟು ನೀರು ಹಿಡಿಯುತ್ತದೆ. ಅಂತಹ ಪೆಟ್ಟಿಗೆಗಳು ನೂರು ಕೋಟಿಯಾದರೆ ಒಂದು ಟಿ.ಎಂ.ಸಿ. ಹಾಗೆಯೇ ಒಂದು ಸೆಕೆಂಡಿನಲ್ಲಿ ಒಂದು ಘನ ಅಡಿ ನೀರು ಹಾದುಹೋದರೆ ಅದು ಒಂದು ಕ್ಯೂಸೆಕ್. ಹೊಗೇನಕಲ್ಲಿನ ಮೇಲುಗಡೆ, ಗಡಿಯಲ್ಲಿರುವ ಬಿಳಿಗುಂಡ್ಲು ಎಂಬಲ್ಲಿ ಕೇಂದ್ರ ಜಲ ಆಯೋಗದವರು ನದಿಯನ್ನು ಅಳೆಯುತ್ತಾರೆ. ೨೦೧೮ರ ಫೆಬ್ರವರಿ ೧೬ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ ಸಾಮಾನ್ಯ ಮಳೆಯ ವರ್ಷದಲ್ಲಿ ಅಲ್ಲಿ ಕರ್ನಾಟಕವು ಹರಿಸಬೇಕಾದ ನೀರು ೧೭೭.೨೫ ಟಿ.ಎಂ.ಸಿ.; ಎಂದರೆ ಮೆಟ್ಟೂರನ್ನು ಎರಡು ಬಾರಿ ತುಂಬಿಸುವುದಕ್ಕೆ ಸ್ವಲ್ಪ ಕಡಮೆ. ನೀರಿನ ವಿಷಯದಲ್ಲಿ ಆವೇಶದ ಮಾತು ಕಿವಿಗೆ ಬಿದ್ದಾಗ ನಮ್ಮ ವಿದ್ಯಾರ್ಥಿಗಳು ಮೊದಲು ಲೆಕ್ಕವನ್ನು ತಿಳಿಯಲಿ, ಮಾತು ಆಮೇಲೆ.

ಇಲ್ಲಿಯ ನೀರು ಕೆಳಗಿನ ತಂಜಾವೂರಿನ ಕಡೆಯ ಮುಖಜಭೂಮಿಯಲ್ಲಿ ಸುಮಾರು ೧೬ ಲಕ್ಷ ಎಕರೆ ಗದ್ದೆಗಳನ್ನು ಸೇರುತ್ತದೆ. ನೀರು ಸಾಕಷ್ಟಿದ್ದರೆ ವರ್ಷವೂ ಜೂನ್ ೧೨ರಂದು ತೂಬುಗಳನ್ನು ತೆರೆಯುವುದು ಸಂಪ್ರದಾಯ. ಇಲ್ಲಿ ಬಿಟ್ಟ ನೀರಿಗಾಗಿ ಅಲ್ಲಿ ರೈತರು ಸಸಿಮಡಿಯನ್ನು ಸಿದ್ಧಮಾಡಿ ಕಾಯುತ್ತಾರೆ. ಬೀಳುವ ನೀರಿನಿಂದ ವಿದ್ಯುತ್ತನ್ನೂ ತೆಗೆಯುತ್ತಾರೆ. ಜಲಾಶಯ ತುಂಬಿ ಮಿಕ್ಕ ನೀರು ಹೊರಬೀಳಲು ಪಕ್ಕದಲ್ಲಿ ೧೬ ಕಣ್ಣುಗಳ ಕೋಡಿಯನ್ನು ಕಟ್ಟಿದ್ದಾರೆ. ಇಂಜಿನಿಯರ್ ಎಲ್ಲಿಸ್ ಅವರ ಹೆಸರು ಅದಕ್ಕಿದೆ. ಆ ಹದಿನಾರು ಕಣ್ಣುಗಳೂ ತೆರೆದ ದಿನ ಮೆಟ್ಟೂರಿಗೆ ಜನರ ಜಾತ್ರೆಯೇ ಸೇರುತ್ತದೆ.

ತಮಿಳರು ಆಡಿ ತಿಂಗಳ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ ಮೊದಲಲ್ಲಿ, ಹೊಸನೀರು ಬರುವ ಕಾಲಕ್ಕೆ ಇಲ್ಲಿ ಕಾವೇರಿಯನ್ನು ಪೂಜಿಸುತ್ತಾರೆ. ಕೊಡಗಿನಲ್ಲಿ ತುಲಾ ಸಂಕ್ರಮಣದಂದು, ಅಕ್ಟೋಬರಿನಲ್ಲಿ, ತೀರ್ಥೋದ್ಭವವನ್ನು ಕಾಣಲು ಜನ ಸೇರುತ್ತಾರೆ. ತಾಯಿ ಒಬ್ಬಳೇ; ಮಕ್ಕಳು ಬಾಗಿನ ಕೊಡುವ ದಿನಗಳು ಬೇರೆ.

ಮುಳುಗಿದ ಊರುಗಳು

ಮೆಟ್ಟೂರಿಗೆ ಬಂದವರಲ್ಲಿ ಬಹುಮಂದಿ ಕಟ್ಟೆಯನ್ನೂ ಅದರ ಕೆಳಗಿನ ಉದ್ಯಾನವನ್ನೂ ನೋಡಿ ಹಿಂದಿರುಗುತ್ತಾರೆ. ಕಟ್ಟೆಯ ಹಿಂದಿನ ನೀರನ್ನು ನೋಡುವುದು ಅದಕ್ಕಿಂತ ಮುಖ್ಯ. ಆ ವಿಶಾಲವಾದ ನೀರಿನ ಕೆಳಗೆ ಹಿಂದೆ ಗದ್ದೆಗಳಿದ್ದವು, ಬೀದಿಗಳಿದ್ದವು, ಮನೆಗಳಿದ್ದವು. ಅಣೆಕಟ್ಟು ಏಳುತ್ತಿದ್ದಂತೆ ಅಲ್ಲಿಯ ಜನರು ಮನೆಯ ತೊಲೆ ಬಾಗಿಲುಗಳನ್ನು ಕಿತ್ತು ಗಾಡಿಗೆ ಹೇರಿಕೊಂಡು ಬೇರೆ ಬೇರೆ ಕಡೆಗಳಿಗೆ ಹೊರಟುಹೋದರು. ಹೊತ್ತೊಯ್ಯಲಾಗದ ದೇವಾಲಯಗಳು ನೀರಿನೊಳಗೆ ಉಳಿದವು.

ಮಳೆ ಕಡಮೆಯಾಗಿ ಜಲಾಶಯವು ಬಹಳ ಇಳಿದ ವರ್ಷಗಳಲ್ಲಿ ಪಣ್ಣವಾಡಿ ಎಂಬಲ್ಲಿ ಜಲಕಂಠೇಶ್ವರನ ಹಳೆಯ ಗುಡಿಯ ನಂದಿಯೂ, ಒಂದು ಕ್ರೈಸ್ತ ಮಂದಿರದ ಗೋಪುರಗಳೂ ನೀರಿನಿಂದ ಮೇಲೆ ಕಾಣಿಸಿಕೊಳ್ಳುತ್ತವೆ. ನೀರು ಏರಿದಾಗ ಮತ್ತೆ ಮರೆಯಾಗುತ್ತವೆ. ಜಲಾಶಯದ ಮಟ್ಟ ಎಷ್ಟು ಇಳಿದಿದೆಯೆಂಬುದನ್ನು ಸುತ್ತಲಿನ ಊರವರು ಪತ್ರಿಕೆಯನ್ನು ಓದದೆಯೇ ಆ ನಂದಿಯನ್ನು ನೋಡಿ ಹೇಳಬಲ್ಲರು. ನಂದಿಯ ದರ್ಶನವಾಯಿತೆಂದರೆ ರೈತನ ಮುಖ ಬಾಡುತ್ತದೆ. ದೇವರ ವಾಹನವು ಕಾಣದಿರಲೆಂದು ಜನರು ಹಾರೈಸುವ ಸ್ಥಳ ನಮಗೆ ತಿಳಿದಮಟ್ಟಿಗೆ ಇದೊಂದೇ.

ತಂಜಾವೂರಿನ ಗದ್ದೆಯ ಪ್ರತಿಯೊಂದು ತೆನೆಯಲ್ಲಿಯೂ ಈ ಊರುಗಳ ಪಾಲಿದೆ. ಪ್ರವಾಸದ ದಿನಚರಿಯನ್ನು ಬರೆಯುವ ವಿದ್ಯಾರ್ಥಿಗಳು ಕಟ್ಟೆಯ ಉದ್ದ ಎತ್ತರಗಳನ್ನು ಬರೆದು ನಿಲ್ಲಿಸದೆ, ಊರು ಬಿಟ್ಟು ಹೋದವರ ಮಾತನ್ನೂ ಒಂದು ಸಾಲಿನಲ್ಲಾದರೂ ಬರೆಯಬೇಕು.

ಸೇಲಂ ನಗರ

ಮೆಟ್ಟೂರಿನಿಂದ ಸೇಲಂಗೆ ಬರುವವರು ಓಮಲೂರಿನ ಬಳಿ ಸ್ವಲ್ಪ ಒಳಗೆ ಹೋದರೆ ತಾರಮಂಗಲದ ಕೈಲಾಸನಾಥ ದೇವಾಲಯವನ್ನು ಕಾಣಬಹುದು. ಗೆಟ್ಟಿ ಮುದಲಿಗಳೆಂಬ ಪಾಳೆಯಗಾರರು ಬೆಳೆಸಿದ ಗುಡಿ ಇದು. ಒಂದೇ ಕಲ್ಲಿನಲ್ಲಿ ಕೊರೆದ ಸರಪಣಿಯೂ, ಸಿಂಹದ ಬಾಯೊಳಗೆ ಉರುಳುವ, ಆದರೆ ಹೊರಗೆ ಬಾರದ ಕಲ್ಲಿನ ಗುಂಡೂ ಮಕ್ಕಳಿಗೆ ಅಚ್ಚುಮೆಚ್ಚು.

ಸೇಲಂ ನಗರದಲ್ಲಿ ಸುಗವನೇಶ್ವರ ದೇವಾಲಯ, ಕೋಟೆಯ ಮಾರಿಯಮ್ಮನ ಗುಡಿಗಳು ಪ್ರಸಿದ್ಧ. ನೇಯ್ಗೆಯ ಕೇರಿಗಳಲ್ಲಿ ದೇವಾಂಗದವರ ಮನೆಗಳಿವೆ. ಅಂಗಡಿಯಲ್ಲಿ ತಮಿಳು, ಮಗ್ಗದ ಬಳಿ ಕನ್ನಡ; ಚೌಡೇಶ್ವರಿಯ ಗುಡಿಯಲ್ಲಿ ಎರಡೂ. ಬರೆಯಲು ಓದಲು ಬಾರದಿದ್ದರೂ ತಲೆಮಾರುಗಳಿಂದ ಮಾತನ್ನು ಉಳಿಸಿಕೊಂಡು ಬಂದ ಈ ಮನೆಗಳ ಅಜ್ಜಿಯರೊಡನೆ ನಮ್ಮ ಮಕ್ಕಳು ನಾಲ್ಕು ಮಾತಾಡಿದರೆ, ಅದೂ ಒಂದು ಪ್ರೇಕ್ಷಣೀಯ ಸ್ಥಳವನ್ನು ನೋಡಿದಂತೆಯೇ ಸರಿ. ಬಿಡುವಿದ್ದವರು ಶೇರ್ವರಾಯನ ಬೆಟ್ಟದ ಮೇಲಿನ ಏರ್ಕಾಡಿಗೆ ಹೋಗಿ ಕಾಫಿಯ ತೋಟಗಳನ್ನು ನೋಡಬಹುದು.

ಸೇಲಂ ಕೂಡ ನದಿಯ ದಡದ ನಗರವೇ ಎಂಬುದನ್ನು ಬಹುಮಂದಿ ಅರಿಯರು. ಶೇರ್ವರಾಯನ ಬೆಟ್ಟಗಳ ಕಡೆಯಿಂದ ಹರಿದು ಬರುವ ತಿರುಮಣಿಮುತ್ತಾರು ನಗರದ ನಡುವೆ ಹಾದು, ಮುಂದೆ ಕಾವೇರಿಯನ್ನು ಸೇರುತ್ತದೆ. ಮಣಿಯೂ ಮುತ್ತೂ ಹೆಸರಿನಲ್ಲಿರುವ ಈ ನದಿಯನ್ನು ಸೇತುವೆಯ ಮೇಲೆ ದಾಟುವವರು ಇಂದು ಮೂಗು ಮುಚ್ಚಿಕೊಳ್ಳುತ್ತಾರೆ. ಊರಿನ ಕೊಳಚೆಯೆಲ್ಲ ಅದರ ಪಾಲು. ಹೀಗೆ ತನ್ನ ನದಿಯನ್ನು ಚರಂಡಿಯನ್ನಾಗಿಸಿಕೊಂಡ ನಗರವು ಕುಡಿಯುವ ನೀರಿಗಾಗಿ ಮೆಟ್ಟೂರಿನ ಕಾವೇರಿಯ ಕಡೆಗೆ ಕೈಚಾಚಿದೆ. ಈ ನೋಟ ಯಾವ ಪ್ರವಾಸಿ ಕೈಪಿಡಿಯಲ್ಲಿಯೂ ಇಲ್ಲ. ನಾವು ಮಾತ್ರ ಮಕ್ಕಳನ್ನು ಆ ಸೇತುವೆಯ ಮೇಲೆ ಎರಡು ನಿಮಿಷ ನಿಲ್ಲಿಸುವುದುಂಟು.

ತಂದೆತಾಯಿಗಳಿಗೆ ಕೆಲವು ಮಾತುಗಳು

ಹೊಗೇನಕಲ್ಲಿನಲ್ಲಿ ಪ್ರಾಣಾಪಾಯಗಳು ಆಗಿವೆ. ಆದುದರಿಂದ ಈ ಕೆಳಗಿನ ಸೂಚನೆಗಳನ್ನು ಸೌಜನ್ಯದ ಮಾತೆಂದು ತಿಳಿಯದೆ ಕಟ್ಟಳೆಯೆಂದು ತಿಳಿಯಬೇಕು.

೧. ಅಲ್ಲಿ ಬಿಸಿಲಿದ್ದ ಮಾತ್ರಕ್ಕೆ ನದಿ ಶಾಂತವಾಗಿದೆಯೆಂದು ನಂಬಬಾರದು.  ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿಯೂ ವೈನಾಡಿನಲ್ಲಿಯೂ ಬಿದ್ದ ಮಳೆ ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳನ್ನು ತುಂಬಿಸಿ ಹೊರಬಿದ್ದರೆ, ಇಲ್ಲಿ ಒಂದು ಹನಿ ಮಳೆಯಿಲ್ಲದೆಯೂ ನೀರು ಏರುತ್ತದೆ. ಹೊರಡುವ ಮುನ್ನ ನದಿಗೆ ಎಷ್ಟು ಕ್ಯೂಸೆಕ್ ನೀರು ಬರುತ್ತಿದೆಯೆಂದು ಪತ್ರಿಕೆಯಲ್ಲಿ ನೋಡಿಕೊಳ್ಳಿ.

೨. ಪ್ರವಾಹವಿದ್ದಾಗ ಜಿಲ್ಲಾಡಳಿತದವರು ಸ್ನಾನವನ್ನೂ ಹರಿಗೋಲನ್ನೂ ನಿಷೇಧಿಸುತ್ತಾರೆ. ಹಣ ಕೊಡುತ್ತೇವೆಂದು ಅಂಬಿಗನನ್ನು ಒತ್ತಾಯಿಸಬಾರದು. ಮಗುವಿನ ಹಟಕ್ಕೆ ಸೋಲಬಾರದು.

೩. ರಕ್ಷಣೆಯ ಅಂಗಿಯನ್ನು ತೊಡದೆ ಹರಿಗೋಲನ್ನು ಹತ್ತಬಾರದು. ಹತ್ತಿದ ಮೇಲೆ ಎದ್ದು ನಿಲ್ಲಬಾರದು. ಎಲ್ಲರೂ ಒಂದೇ ಪಕ್ಕಕ್ಕೆ ವಾಲಿ ಚಿತ್ರ ತೆಗೆಯಬಾರದು.

೪. ಸ್ನಾನಕ್ಕೆ ಗೊತ್ತುಮಾಡಿದ ಜಾಗವನ್ನು ಬಿಟ್ಟು ಬೇರೆಡೆ ಇಳಿಯಬಾರದು. ಪಾಚಿಯ ಬಂಡೆ ಜಾರುತ್ತದೆ. ಮೇಲೆ ನಿಶ್ಚಲವಾಗಿ ಕಾಣುವ ಮಡುವಿನ ಕೆಳಗೆ ಸುಳಿಯಿರುತ್ತದೆ. ಈ ನದಿಯಲ್ಲಿ ಮೊಸಳೆಗಳೂ ಉಂಟು.

೫. ಊಟದ ಎಲೆ, ಪ್ಲಾಸ್ಟಿಕ್ ಚೀಲ, ಎಣ್ಣೆ ಸೀಗೆಯ ಪೊಟ್ಟಣಗಳನ್ನು ನದಿಗೆ ಎಸೆಯಬಾರದು. ಇಲ್ಲಿ ಎಸೆದದ್ದು ಕೆಳಗಿನ ಊರಿನವರ ಕೊಡವನ್ನು ಸೇರುತ್ತದೆ. ಮೇಲಿನ ಊರಿನವರೂ ನಮ್ಮ ವಿಷಯದಲ್ಲಿ ಹಾಗೆಯೇ ಎಣಿಸಿದ್ದರೆ ನಮ್ಮ ಗತಿಯೇನು?

ನೀರು ತಕ್ಕಮಟ್ಟಿಗಿದ್ದು ನದಿ ಶಾಂತವಾಗಿರುವ ಅಕ್ಟೋಬರಿನಿಂದ ಜನವರಿಯವರೆಗಿನ ಕಾಲವು ಮಕ್ಕಳೊಡನೆ ಹೋಗುವವರಿಗೆ ಪ್ರಶಸ್ತ. ಆಗಲೂ ಹೊರಡುವ ದಿನ ವಿಚಾರಿಸಿಕೊಂಡು ಹೋಗುವುದು ಕ್ಷೇಮ.

ವಿದ್ಯಾರ್ಥಿಗಳೇ, ನೋಡತಕ್ಕ ಸ್ಥಳಗಳ ಪಟ್ಟಿ ಇಲ್ಲಿಗೆ ಮುಗಿಯಿತು. ಒಬ್ಬೊಬ್ಬರೂ ಒಂದು ಚಿಕ್ಕ ಪುಸ್ತಕವನ್ನು ಜೊತೆಗೆ ಕೊಂಡೊಯ್ಯಿರಿ. ಅದರಲ್ಲಿ ಮೂರು ಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳಿರಿ: ಈ ನೀರು ಎಲ್ಲಿಂದ ಬಂದಿತು? ಇದು ಯಾರಿಗೆ ಹೋಗುತ್ತದೆ? ಇದಕ್ಕಾಗಿ ಯಾರು ಏನನ್ನು ಕೊಟ್ಟರು? ಪ್ರತಿಯೊಂದು ಸ್ಥಳದಲ್ಲಿಯೂ ಈ ಮೂರಕ್ಕೆ ಉತ್ತರವನ್ನು ಹುಡುಕಿರಿ. ತಿಳಿಯದಿದ್ದರೆ ಅಂಬಿಗನನ್ನು, ತೂಬಿನ ಕಾವಲುಗಾರನನ್ನು, ದಡದಲ್ಲಿ ಬಟ್ಟೆ ಒಗೆಯುವ ತಾಯಿಯನ್ನು ಮರ್ಯಾದೆಯಿಂದ ಕೇಳಿರಿ. ಮನೆಗೆ ಬಂದ ಮೇಲೆ ಬಾಯಾರಿ ಒಂದು ಲೋಟ ನೀರನ್ನು ಕೈಗೆತ್ತಿಕೊಂಡಾಗ ಆ ಮೂರು ಪ್ರಶ್ನೆಗಳು ನಿಮಗೆ ನೆನಪಾದರೆ, ನೀವು ಕಾವೇರಿಯನ್ನು ನೋಡಿ ಬಂದಿರೆಂದು ನಾವು ಒಪ್ಪುತ್ತೇವೆ.